ಒಂದು ಕೋಟಿ ವ್ಯೂಸ್, ನಾಲ್ಕು ಸಾವಿರ ತಾಸು

ಮೊದಲು ವೈರಲ್ ಆಗು, ಆಮೇಲೆ ನಿನಗೆ ಬೇಕಾದ್ದು ಮಾಡು. ಬರೆಯಲು, ಹಾಡಲು, ಸಿನಿಮಾ ತೆಗೆಯಲು ಹೊರಟ ಹೊಸಬರು ಯಾರ ಬಳಿ ಸಲಹೆ ಕೇಳಿದರೂ ಇವತ್ತು ಸಿಗುವ ಉತ್ತರ ಇದೊಂದೇ. ಹಾಡು ಕಟ್ಟುವಾಗಲೇ ರೀಲ್ಸ್‌ಗೆ ಹೊಂದುವ ಹದಿನೈದು ಸೆಕೆಂಡಿನ ತುಣುಕು ಯಾವುದು ಎಂದು ಯೋಚಿಸುವುದು, ಲೇಖನ ಬರೆಯುವ ಮೊದಲೇ ಅದರ ಥಂಬ್‌ನೇಲ್ ಹೇಗಿರಬೇಕೆಂದು ತೀರ್ಮಾನಿಸುವುದು ಮಾಮೂಲಾಗಿಬಿಟ್ಟಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದನ್ನು ನಮ್ಮ ಹಿರಿಯರು ಅವಸರ ಎಂದು ಕರೆದರು. ಈಗ ಕುಲಾವಿಯ ಅಳತೆಗೆ ತಕ್ಕ ಕೂಸನ್ನೇ ಹೆರಬೇಕು ಎನ್ನುವಲ್ಲಿಗೆ ಬಂದು ನಿಂತಿದ್ದೇವೆ. ಈ ಸಲಹೆಯ ಒಳಗೆ ಎರಡು ನಂಬಿಕೆಗಳು ಅಡಗಿವೆ. ಹೇಗಾದರೂ ಸರಿ, ಲಕ್ಷಾಂತರ ಜನರ ಕಣ್ಣಿಗೆ ಬಿದ್ದರೆ ಅವರಲ್ಲಿ ಒಂದು ಪಾಲು ನಮ್ಮವರಾಗಿ ಉಳಿಯುತ್ತಾರೆ ಎಂಬುದು ಒಂದು. ಆ ಜನವನ್ನು ಸೇರಿಸಲು ಮಾಡಿದ ಕಸರತ್ತು ನಮ್ಮ ಕೆಲಸದ ಗುಣವನ್ನು ಮುಟ್ಟುವುದಿಲ್ಲ, ಬೇಕೆಂದಾಗ ಹಿಂದಿರುಗಬಹುದು ಎಂಬುದು ಇನ್ನೊಂದು. ಎರಡೂ ತಪ್ಪು ಎಂಬುದು ನನ್ನ ವಾದ. ಓದುಗ, ಕೇಳುಗ, ಪ್ರೇಕ್ಷಕ ಎಂಬ ಮಾತಿಗೆ ಅರ್ಥ ಬರುವುದು ಅವನು ಎರಡನೆಯ ಸಲ ಬಂದಾಗ. ವೈರಲ್ ಬೆನ್ನು ಹತ್ತಿದ ಕೆಲಸವು ಅವನು ಎರಡನೆಯ ಸಲ ಬರಲು ಇರಬೇಕಾದ ಕಾರಣವನ್ನೇ ಕಳೆದುಕೊಂಡಿರುತ್ತದೆ.

ಇದಕ್ಕೆ ಮೊದಲ ಸಾಕ್ಷಿ ಸಿಗುವುದು ವೈರಲ್ ಲೋಕದ ಅತಿದೊಡ್ಡ ಅಂಗಡಿಯಲ್ಲೇ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಹಣದ ಪಾಲು ಬೇಕೆಂದರೆ ಒಂದು ಚಾನೆಲ್‌ಗೆ 1,000 ಸಬ್‌ಸ್ಕ್ರೈಬರ್‌ಗಳು ಇರಬೇಕು. ಅದರ ಜೊತೆಗೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಜನ ಅದರ ವಿಡಿಯೊಗಳನ್ನು ಒಟ್ಟು 4,000 ತಾಸು ನೋಡಿರಬೇಕು. ಇಲ್ಲವೇ 90 ದಿನಗಳಲ್ಲಿ ಅದರ ಶಾರ್ಟ್ಸ್‌ಗೆ ಒಂದು ಕೋಟಿ ವ್ಯೂಸ್ ಬಂದಿರಬೇಕು. ಈ ಎರಡು ಷರತ್ತುಗಳನ್ನು ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿ ನೋಡಿ. 4,000 ತಾಸು ಎಂದರೆ 2,40,000 ನಿಮಿಷ. ಆ ಸಾವಿರ ಸಬ್‌ಸ್ಕ್ರೈಬರ್‌ಗಳೇ ತಲಾ ತಿಂಗಳಿಗೆ ಇಪ್ಪತ್ತು ನಿಮಿಷ, ಅಂದರೆ ಹತ್ತು ನಿಮಿಷದ ಎರಡು ವಿಡಿಯೊ ಪೂರ್ತಿ ನೋಡಿದರೆ ವರ್ಷಕ್ಕೆ ಸರಿಯಾಗಿ ಅಷ್ಟಾಗುತ್ತದೆ. ಹೊರಗಿನವರು ಒಬ್ಬರೂ ಬೇಕಿಲ್ಲ. ಒಂದು ಸಣ್ಣ ಹಳ್ಳಿಯಷ್ಟು ಜನ ತಿಂಗಳಿಗೆ ಎರಡು ಸಲ ಬಂದು ಕೂತೆದ್ದರೆ ಆಯಿತು. ಇನ್ನೊಂದು ದಾರಿಯಲ್ಲಿ ಹೊರಟರೆ ಮೂರು ತಿಂಗಳ ಕಾಲ ದಿನಕ್ಕೆ ಸರಾಸರಿ 1,11,000 ವ್ಯೂಸ್ ಬರುತ್ತಿರಬೇಕು. ಅಷ್ಟಾದ ಮೇಲೂ ಹಣ ಹಂಚುವಾಗ ಉದ್ದದ ವಿಡಿಯೊ ಮಾಡಿದವರಿಗೆ ಅದರ ಜಾಹೀರಾತು ಆದಾಯದಲ್ಲಿ ಶೇ 55 ಸಿಕ್ಕರೆ, ಶಾರ್ಟ್ಸ್ ಮಾಡಿದವರಿಗೆ ಒಟ್ಟು ನಿಧಿಯಲ್ಲಿ ತಮ್ಮ ಪಾಲಿಗೆ ಬಂದದ್ದರಲ್ಲಿ ಶೇ 45. ಕಲೆ, ಸಂಸ್ಕೃತಿ ಎಂಬ ಮೋಹ ಯಾವುದೂ ಇಲ್ಲದ, ಬರಿಯ ವ್ಯಾಪಾರದ ಕಂಪನಿಯೊಂದು ಮಾಡಿಟ್ಟ ಲೆಕ್ಕ ಇದು. ಮರಳಿ ಬರುವ ಸಾವಿರ ಜನಕ್ಕೂ ದಾಟಿ ಹೋಗುವ ಕೋಟಿ ನೋಟಕ್ಕೂ ಅದು ಒಂದೇ ಬೆಲೆ ಕಟ್ಟಿದೆ.

ಆ ಕೋಟಿಯಲ್ಲಿ ಒಂದು ನೋಟ ಎಂದರೆ ಏನು ಎಂಬುದನ್ನೂ ನೋಡಬೇಕು. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಪರದೆಯ ಮೇಲೆ ಓಡಲು ಶುರುವಾದೊಡನೆ ಅದನ್ನು ಒಂದು ವ್ಯೂ ಎಂದು ಯೂಟ್ಯೂಬ್ ಎಣಿಸುತ್ತಿದೆ. ಇಷ್ಟು ಹೊತ್ತು ನೋಡಿರಬೇಕು ಎಂಬ ನಿಯಮವಿಲ್ಲ. ಆದರೆ ಹಣದ ಮತ್ತು ಅರ್ಹತೆಯ ಲೆಕ್ಕಕ್ಕೆ ಹಳೆಯ, ಬಿಗಿಯಾದ ಎಣಿಕೆಯನ್ನೇ ಉಳಿಸಿಕೊಂಡಿದೆ. ಅಂದರೆ ಊರಿಗೆ ತೋರಿಸುವ ಸಂಖ್ಯೆ ಒಂದು, ಗಲ್ಲಾಪೆಟ್ಟಿಗೆ ನಂಬುವ ಸಂಖ್ಯೆ ಇನ್ನೊಂದು. ವಿಡಿಯೊದ ಕೆಳಗೆ ಕಾಣುವ ಅಂಕಿಯನ್ನು ನೋಡಿ ಎದೆಯುಬ್ಬಿಸುವ, ಇಲ್ಲವೇ ಅದು ಕಡಿಮೆಯಾಯಿತೆಂದು ನಿದ್ದೆಗೆಡುವ ನಮ್ಮ ಹುಡುಗ ಹುಡುಗಿಯರಿಗೆ ಇದನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು. ಬೆರಳು ತಾಕಿ ಮೇಲೆ ಸರಿಸಿದ್ದೂ ಆ ಅಂಕಿಯಲ್ಲಿ ಒಂದು, ಕಣ್ಣು ತುಂಬಿ ನೋಡಿದ್ದೂ ಒಂದು.

ಕೆಲಸ ಕೆಡುವ ಬಗೆ ಇದಕ್ಕಿಂತ ಗಂಭೀರ. ಜಾತ್ರೆಯಲ್ಲಿ ಮಿಠಾಯಿ ಅಂಗಡಿ ಹಾಕಿದವನು ದಾರಿಹೋಕನನ್ನು ಕೂಗಿ ನಿಲ್ಲಿಸಬೇಕು. ಬಣ್ಣ ಹೆಚ್ಚಿರಬೇಕು, ರಾಶಿ ಎತ್ತರವಿರಬೇಕು. ಕೊಂಡವನು ಮತ್ತೆ ಸಿಗುವುದು ಮುಂದಿನ ವರ್ಷ, ಸಿಕ್ಕರೆ. ಹುಬ್ಬಳ್ಳಿ ಧಾರವಾಡದ ಕಡೆಯ ಖಾನಾವಳಿಯ ಲೆಕ್ಕವೇ ಬೇರೆ. ತಿಂಗಳ ದುಡ್ಡು ಕೊಟ್ಟ ಅದೇ ಮಂದಿ ನಾಳೆ ಮಧ್ಯಾಹ್ನವೂ ತಾಟಿನ ಮುಂದೆ ಕೂರುತ್ತಾರೆ. ನಿನ್ನೆಯ ಪಲ್ಯ ಬಿಸಿ ಮಾಡಿ ಬಡಿಸಿದರೆ ಮೊದಲ ತುತ್ತಿಗೇ ತಿಳಿಯುತ್ತದೆ, ಎಣ್ಣೆಗಾಯಿಯಲ್ಲಿ ಶೇಂಗಾ ಪುಡಿ ಕಡಿಮೆಯಾದರೆ ಬಾಯಿಬಿಟ್ಟು ಕೇಳುತ್ತಾರೆ. ನಾಳೆಯೂ ಬರುವವನಿಗಾಗಿ ಮಾಡುವ ಅಡುಗೆ ಮತ್ತು ಇವತ್ತು ಮಾತ್ರ ದಾಟಿ ಹೋಗುವವನಿಗಾಗಿ ಮಾಡುವ ತಿಂಡಿ ಒಂದೇ ಕೈಯಿಂದ ಬಂದರೂ ಒಂದೇ ಆಗುವುದಿಲ್ಲ. ಮೊದಲ ಮೂರು ಸೆಕೆಂಡಿನಲ್ಲಿ ಹಿಡಿಯಬೇಕು ಎಂಬ ನಿಯಮಕ್ಕೆ ಒಪ್ಪಿಕೊಂಡ ಕಥೆಗಾರ ನಿಧಾನವಾಗಿ ಬಿಚ್ಚಿಕೊಳ್ಳುವ ಪಾತ್ರವನ್ನು ಕೈಬಿಡುತ್ತಾನೆ. ಕೋಪ ಬಂದರೆ ಜನ ಹೆಚ್ಚು ಹಂಚುತ್ತಾರೆ ಎಂದು ಕಂಡುಕೊಂಡ ವಿಮರ್ಶಕ ಸಿನಿಮಾ ನೋಡುವ ಮೊದಲೇ ಬೈಗುಳ ಹುಡುಕಿಟ್ಟುಕೊಳ್ಳುತ್ತಾನೆ. ತನ್ನ ಊರಿನ ಮಾತು ನಗು ತರಿಸಿ ಓಡುತ್ತದೆ ಎಂದು ಕಂಡ ಕಲಬುರಗಿಯ ಹುಡುಗ ಆ ಮಾತನ್ನೇ ತಾನು ಮನೆಯಲ್ಲಿ ಎಂದೂ ಆಡದಷ್ಟು ಎಳೆದು ಆಡತೊಡಗುತ್ತಾನೆ. ಹೀಗೆ ನೂರು ಸಲ ಮಾಡಿದ ಕೈ ಮತ್ತೆ ಹಳೆಯ ಹದಕ್ಕೆ ಬರುವುದು ಸುಲಭವಲ್ಲ. ಬಂದರೂ ಅಷ್ಟರೊಳಗೆ ಕೂಡಿಕೊಂಡ ಜನ ಆ ಎಳೆದಾಟಕ್ಕೆಂದೇ ಬಂದವರು, ಅದನ್ನೇ ಕೇಳುತ್ತಾರೆ.

ಇಷ್ಟೆಲ್ಲ ತೆತ್ತರೂ ವೈರಲ್ ಆಗುವುದು ನಮ್ಮ ಕೈಯಲ್ಲಿದೆಯೇ? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಪ್ರಶ್ನೆಗೆ ನೇರ ಉತ್ತರ ಕೊಡುತ್ತದೆ. ಹೆಸರು ಕೇಳಿರದ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದೆ ಇಟ್ಟರು. ಕೆಲವರಿಗೆ ಬರೀ ಹಾಡು ಕೇಳಿಸಿ, ಇಷ್ಟವಾದರೆ ಡೌನ್‌ಲೋಡ್ ಮಾಡಿಕೊಳ್ಳಿ ಎಂದರು. ಉಳಿದವರನ್ನು ಒಬ್ಬರಿಗೊಬ್ಬರು ಸಂಬಂಧವಿಲ್ಲದ ಎಂಟು ಗುಂಪುಗಳಾಗಿ ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬ ಅಂಕಿಯನ್ನೂ ತೋರಿಸಿದರು. ಎಂಟೂ ಗುಂಪಿಗೆ ಅದೇ ಹಾಡುಗಳು, ಆರಂಭದಲ್ಲಿ ಎಲ್ಲಕ್ಕೂ ಸೊನ್ನೆ. ಅಂಕಿ ಕಾಣುತ್ತಿದ್ದ ಗುಂಪುಗಳಲ್ಲಿ ಗೆದ್ದ ಹಾಡು ಇನ್ನಷ್ಟು ಗೆದ್ದಿತು, ಸೋತದ್ದು ಇನ್ನಷ್ಟು ಸೋತಿತು. ಆದರೆ ಗೆಲ್ಲುವುದು ಯಾವುದು ಎಂಬುದು ಗುಂಪಿನಿಂದ ಗುಂಪಿಗೆ ಬದಲಾಯಿತು. ‘ಲಾಕ್‌ಡೌನ್’ ಎಂಬ ಒಂದು ಹಾಡು, ಅಂಕಿ ಕಾಣದ ಕೇಳುಗರ ಪ್ರಕಾರ 26ನೆಯ ಸ್ಥಾನದ್ದು, ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೇರಿತು, ಇನ್ನೊಂದರಲ್ಲಿ 40ನೆಯ ಸ್ಥಾನಕ್ಕೆ ಕುಸಿಯಿತು. ಹಾಡು ಅದೇ, ಹಾಡಿದವರು ಅವರೇ. ಮೊದಲು ಬಂದ ಒಂದಷ್ಟು ಜನರ ಬೆರಳು ಎತ್ತ ಹೋಯಿತು ಎಂಬುದೇ ಫಲವನ್ನು ತಿರುಗಿಸಿತು. ಈ ಪ್ರಯೋಗದಲ್ಲಿ ಇನ್ನೂ ಒಂದು ಮಾತಿದೆ, ಅದನ್ನು ಹೇಳುವವರು ಕಡಿಮೆ: ಅತಿ ಒಳ್ಳೆಯ ಹಾಡುಗಳು ಪೂರ್ತಿ ನೆಲಕಚ್ಚಿದ್ದು ಅಪರೂಪ. ಹಾಗಾಗಿ ವೈರಲ್ ಆಗುವ ಸೂತ್ರ ಕಲಿಸುತ್ತೇನೆ ಎಂದು ಶುಲ್ಕ ಪಡೆಯುವವರು ಲಾಟರಿ ಟಿಕೆಟ್ಟಿನ ಮೇಲೆ ಯಾವ ನಂಬರು ಬರೆಯಬೇಕೆಂದು ಕಲಿಸುತ್ತಿದ್ದಾರೆ. ಕೆಲಸಗಾರನ ಕೈಗೆ ಸಿಗುವುದು ಗುಣವೊಂದೇ, ಅದರ ಮೇಲೆ ಖರ್ಚು ಮಾಡಬೇಕಾದ ದಿನಗಳನ್ನು ಅವರು ಕಿತ್ತುಕೊಳ್ಳುತ್ತಿದ್ದಾರೆ.

ಲಾಟರಿ ಹೊಡೆದವರ ಪಾಡೂ ಭದ್ರವಲ್ಲ. 2020ರ ಜೂನ್ 29ರಂದು ಭಾರತ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು, ಟಿಕ್‌ಟಾಕ್ ಅದರಲ್ಲಿ ಒಂದು. ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರಿಗೆ ಕೆಲವೇ ದಿನಗಳಲ್ಲಿ ಒಬ್ಬರೂ ಇಲ್ಲವಾದರು. ನಿಷೇಧ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಆ ಲಕ್ಷ ಜನರ ವಿಳಾಸ ಯಾರ ಹತ್ತಿರ ಇತ್ತು ಎಂಬುದು ಇಲ್ಲಿಯ ಪ್ರಶ್ನೆ. ಫೇಸ್‌ಬುಕ್ಕಿನಲ್ಲಿ ಹಂಚಿಕೆಯಾಗುವುದನ್ನೇ ನಂಬಿ ಬೆಳೆದ ಅಮೆರಿಕದ ಸುದ್ದಿತಾಣಗಳಿಗೂ ಇದೇ ಗತಿಯಾಯಿತು: 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ನ್ಯೂಸ್ ಫೀಡಿನ ನಿಯಮ ಬದಲಿಸಿ ಗೆಳೆಯರ ಮತ್ತು ಮನೆಯವರ ಪೋಸ್ಟುಗಳನ್ನು ಮುಂದೆ ತಂದಾಗ ಅವುಗಳಿಗೆ ಬರುವ ಜನ ಇಳಿದರು. 2021ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಬಜ್‌ಫೀಡ್ ನ್ಯೂಸ್ ಕೂಡ 2023ರಲ್ಲಿ ಬಾಗಿಲು ಹಾಕಿತು.

ವಿಳಾಸ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಒಂದು ದೊಡ್ಡ ದೃಷ್ಟಾಂತವಿದೆ. 1933ರಲ್ಲಿ ಜಿ.ಬಿ. ಜೋಶಿಯವರು ಗೆಳೆಯರೊಂದಿಗೆ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಶುರು ಮಾಡಿದರು. ಓದುಗರು ಚಂದಾದಾರರಾಗಿ ಮುಂಗಡ ಹಣ ಕಟ್ಟುವುದು, ಗ್ರಂಥಮಾಲೆ ವರ್ಷಕ್ಕೆ ಇಷ್ಟು ಪುಸ್ತಕ ಎಂದು ಅವರಿಗೆ ಕಳಿಸಿಕೊಡುವುದು: ಇಷ್ಟೇ ಅದರ ಏರ್ಪಾಡು. ಯಾವ ಪುಸ್ತಕ ಬರುತ್ತದೆ ಎಂದು ತಿಳಿಯುವ ಮೊದಲೇ ಅವರು ದುಡ್ಡು ಕೊಟ್ಟಿರುತ್ತಿದ್ದರು. ಸುಭಾಸ ರಸ್ತೆಯ ಅಟ್ಟದಲ್ಲಿ ಕೂತು ಗ್ರಂಥಮಾಲೆ ನಡೆಸುತ್ತಿದ್ದ ಜನ ಈ ನಂಬಿಕೆಯನ್ನು ಹೇಗೆ ಖರ್ಚು ಮಾಡಿದರು ನೋಡಿ. 1961ರಲ್ಲಿ ಹೆಸರೇ ಇಲ್ಲದ, ಇಪ್ಪತ್ಮೂರರ ಆಸುಪಾಸಿನ ಹುಡುಗನೊಬ್ಬನ ನಾಟಕ ಪ್ರಕಟಿಸಿದರು. ಅದು ಗಿರೀಶ ಕಾರ್ನಾಡರ ‘ಯಯಾತಿ’. 1965ರಲ್ಲಿ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ತಂದರು. ಬ್ರಾಹ್ಮಣ ಅಗ್ರಹಾರದ ಒಳಗನ್ನು ಬಗೆದು ತೋರಿಸಿ ಗದ್ದಲಕ್ಕೆ ಕಾರಣವಾದ ಕಾದಂಬರಿ ಅದು. ಮಾರುಕಟ್ಟೆಯ ನಾಡಿ ಹಿಡಿದು ಹೊರಟಿದ್ದರೆ ಇವೆರಡರಲ್ಲಿ ಯಾವುದನ್ನೂ ಮುಟ್ಟಲು ಧೈರ್ಯ ಬರುತ್ತಿರಲಿಲ್ಲ. ಉಳಿದುಕೊಂಡ ಓದುಗ ಕಲಾವಿದನನ್ನು ಕಟ್ಟಿಹಾಕುತ್ತಾನೆ, ಅವನಿಗೆ ಇಷ್ಟವಾದ್ದನ್ನೇ ಮಾಡಿಸುತ್ತಾನೆ ಎಂದು ಕೆಲವರು ಹೇಳುವುದುಂಟು. ಗ್ರಂಥಮಾಲೆಯಲ್ಲಿ ನಡೆದದ್ದು ಅದಕ್ಕೆ ತದ್ವಿರುದ್ಧ. ಬರುತ್ತಾರೆ ಎಂಬ ಭರವಸೆ ಇದ್ದುದರಿಂದಲೇ ಅವರ ಮುಂದೆ ಅಪರಿಚಿತವಾದದ್ದನ್ನು ಇಡಲು ಸಾಧ್ಯವಾಯಿತು. ನಾಳೆ ಯಾರು ಬರುತ್ತಾರೋ ಗೊತ್ತಿಲ್ಲದವನು ನಿನ್ನೆ ಓಡಿದ್ದನ್ನೇ ಇವತ್ತೂ ಮಾಡುತ್ತಾನೆ.

ಮರಳಿ ಬರುವವರನ್ನು ನಂಬಿ ನಡೆದದ್ದು ಗ್ರಂಥಮಾಲೆಯೊಂದೇ ಅಲ್ಲ. ಪಿ. ಲಂಕೇಶರು 1980ರಲ್ಲಿ ಶುರು ಮಾಡಿದ ‘ಲಂಕೇಶ್ ಪತ್ರಿಕೆ’ ಜಾಹೀರಾತು ಇಲ್ಲದೆ, ಓದುಗ ಕೊಟ್ಟ ದುಡ್ಡಿನಲ್ಲೇ ನಡೆಯಿತು. ಮಂತ್ರಿ ಮಹೋದಯರನ್ನು ಎದುರಿಸುವ ಅದರ ಎದೆಗಾರಿಕೆಯ ಮೂಲ ಅಲ್ಲಿತ್ತು. ಸಾಗರ ತಾಲ್ಲೂಕಿನ ಹೆಗ್ಗೋಡಿನ ನೀನಾಸಂ 1985ರಿಂದ ತಿರುಗಾಟದ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ. ತಂಡ ಬರುತ್ತದೆ ಎಂದು ಪ್ರತಿವರ್ಷ ಕಾದು ಕೂರುವ ಊರುಗಳು ಈ ನಾಡಿನಲ್ಲಿವೆ, ಈ ಸಲ ಯಾವ ನಾಟಕ ಎಂಬುದು ಅವರಿಗೆ ಎರಡನೆಯ ಪ್ರಶ್ನೆ.

ಇದೆಲ್ಲ ಹಳೆಯ ಕಾಲದ ಮಾತು, ಈಗ ಜನರಿಗೆ ತಾಳ್ಮೆಯಿಲ್ಲ, ಮೂವತ್ತು ಸೆಕೆಂಡು ಮೀರಿದರೆ ಯಾರೂ ಕೂರುವುದಿಲ್ಲ ಎಂಬ ಆಕ್ಷೇಪ ತಟ್ಟನೆ ಬರುತ್ತದೆ. ಕುವೆಂಪು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕನ್ನಡದ ಅತಿ ದೊಡ್ಡ, ಅತಿ ನಿಧಾನಗತಿಯ ಕಾದಂಬರಿಗಳಲ್ಲಿ ಒಂದು. ಅದನ್ನು 2010ರಲ್ಲಿ ಮೈಸೂರಿನ ರಂಗಾಯಣ ರಂಗಕ್ಕೆ ತಂದಿತು. ರಂಗರೂಪ ಕೆ.ವೈ. ನಾರಾಯಣಸ್ವಾಮಿಯವರದು, ನಿರ್ದೇಶನ ಸಿ. ಬಸವಲಿಂಗಯ್ಯನವರದು, ಸಂಗೀತ ಹಂಸಲೇಖರದು. ಪ್ರಯೋಗದ ಅವಧಿ ಸುಮಾರು ಒಂಬತ್ತು ತಾಸು. ಸಂಜೆ ಕತ್ತಲಾದ ಮೇಲೆ ಶುರು, ಬೆಳಗಿನ ಜಾವಕ್ಕೆ ಮುಗಿತಾಯ. ಬಯಲಿನಲ್ಲಿ ನಾಲ್ಕು ರಂಗಸ್ಥಳ. ಒಂದು ಕಡೆ ದೃಶ್ಯಗಳು ಮುಗಿದರೆ ಪ್ರೇಕ್ಷಕರೇ ಎದ್ದು ಚಾದರ ಹೊದ್ದುಕೊಂಡು ಇನ್ನೊಂದು ಕಡೆಗೆ ನಡೆಯಬೇಕು. ನಿದ್ದೆಗೆಟ್ಟು ಹೀಗೆ ನಡೆದಾಡಲು ಜನ ಟಿಕೆಟ್ ಕೊಂಡು ಬಂದರು. ಮೈಸೂರಿನಲ್ಲಿ ಮುಗಿಯಲಿಲ್ಲ, ಬೆಂಗಳೂರಿನ ಕಲಾಗ್ರಾಮದಲ್ಲಿ 2013ರಿಂದ ಮತ್ತೆ ಪ್ರದರ್ಶನಗಳಾದವು. ಬಂದವರಲ್ಲಿ ಫೋನು ಹಿಡಿದ ಯುವಕರು ಎಷ್ಟೋ ಮಂದಿ. 2021ರಲ್ಲಿ ಅದೇ ರಂಗಾಯಣ ಎಸ್.ಎಲ್. ಭೈರಪ್ಪನವರ ‘ಪರ್ವ’ವನ್ನು ಸುಮಾರು ಎಂಟು ತಾಸಿನ ನಾಟಕವಾಗಿ ಆಡಿತು. ಕರಾವಳಿಯಲ್ಲಿ ರಾತ್ರಿಯಿಡೀ ಯಕ್ಷಗಾನದ ಆಟ ನೋಡುವವರು ಇಂದಿಗೂ ಇದ್ದಾರೆ. ಜನರಿಗೆ ತಾಳ್ಮೆಯಿಲ್ಲ ಎನ್ನುವವರು ಫೋನಿನ ಮೇಲೆ ಬೆರಳಾಡಿಸುತ್ತಿರುವವನನ್ನು ನೋಡಿ ಇಡೀ ಮನುಷ್ಯನನ್ನು ಅಳೆದಿದ್ದಾರೆ. ಅವನೇ ರಾತ್ರಿಯಿಡೀ ಚಳಿಯಲ್ಲಿ ಕೂರಬಲ್ಲ, ಕೂರಿಸುವಂಥದ್ದು ಅಲ್ಲಿ ಇರಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಗ್ರಂಥಮಾಲೆ, ಅಕಾಡೆಮಿ, ರಂಗಾಯಣಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಜಾತಿ, ಊರು, ಶಾಲೆ, ಪರಿಚಯ ಎಲ್ಲವೂ ಅಡ್ಡ ಬರುತ್ತಿದ್ದವು. ಹೊಲದ ಬದುವಿನಲ್ಲಿ ನಿಂತು ಹಾಡುವ ಹೆಣ್ಣುಮಗಳ ದನಿ ಇವತ್ತು ನಾಡಿಗೆ ಕೇಳುತ್ತಿದ್ದರೆ ಅದು ಫೋನಿನಿಂದ, ಯಾವ ಸಂಪಾದಕನ ದಯೆಯಿಂದಲೂ ಅಲ್ಲ ಎಂಬುದು. ಈ ಮಾತು ನಿಜ, ಅದನ್ನು ಪೂರ್ತಿ ಒಪ್ಪುತ್ತೇನೆ. ಬಾಗಿಲು ತೆರೆದದ್ದು ದೊಡ್ಡ ಉಪಕಾರ. ಆದರೆ ಅದೇ ಹೆಣ್ಣುಮಗಳಿಗೆ ಮರುವಾರ ಸಿಗುವ ಸಲಹೆ ಏನು? ಆ ಜನಪದ ಹಾಡನ್ನು ಬಿಟ್ಟು ಟ್ರೆಂಡಿಂಗ್ ಆಡಿಯೊಕ್ಕೆ ತುಟಿ ಆಡಿಸು ಎಂಬುದು. ಅವಳಿಗೆ ಮಾತ್ರ ಗೊತ್ತಿದ್ದ ಹಾಡಿನಿಂದ ಬಾಗಿಲು ತೆರೆಯಿತು, ಎಲ್ಲರಿಗೂ ಗೊತ್ತಿರುವ ಹಾಡಿಗೆ ಅವಳನ್ನು ನೂಕಲಾಗುತ್ತದೆ. ಬೆಣ್ಣೆ ಕೈಯಲ್ಲಿ ಹಿಡಿದು ತುಪ್ಪಕ್ಕೆ ಊರೆಲ್ಲ ಅಲೆಯುವಂತೆ ಮಾಡುವ ಈ ಸಲಹೆಯಿಂದ ಹೆಚ್ಚು ನಷ್ಟವಾಗುವುದು ಬಡವರಿಗೇ, ಹಿಂದೆ ಆಸ್ತಿಯಿಲ್ಲದವರಿಗೇ. ಅವಳ ಬಳಿ ಇರುವ ಬಂಡವಾಳ ಬೇರೆ ಯಾರಲ್ಲೂ ಇಲ್ಲದ ಆ ಹಾಡೊಂದೇ.

ಹಾಗಾದರೆ ಹಬ್ಬುವುದೇ ಕೆಟ್ಟದ್ದೇ, ‘ಕಾಂತಾರ’ ಸಿನಿಮಾ ಹಬ್ಬಲಿಲ್ಲವೇ ಎಂದು ಕೇಳಬಹುದು. ಹಬ್ಬಿತು, ಚೆನ್ನಾಗಿಯೇ ಹಬ್ಬಿತು. ಅದು ಹೇಗೆ ಹಬ್ಬಿತು ಎಂಬುದನ್ನು ನೆನಪಿಸಿಕೊಳ್ಳಿ. 2022ರ ಸೆಪ್ಟೆಂಬರ್ 30ರಂದು ಅದು ಬಿಡುಗಡೆಯಾದದ್ದು ಕನ್ನಡದಲ್ಲಿ ಮಾತ್ರ. ಕರಾವಳಿಯ ಕನ್ನಡ, ಕಂಬಳ, ಭೂತಕೋಲ, ಹೊರಗಿನವರಿಗೆ ಒಂದೂ ವಿವರಿಸದೆ ಹಾಗೆಯೇ ಇದ್ದವು. ನೋಡಿದವರು ಇನ್ನೊಬ್ಬರನ್ನು ಕರೆದುಕೊಂಡು ಮತ್ತೆ ನೋಡಿದರು, ಮಾತು ಬಾಯಿಂದ ಬಾಯಿಗೆ ಹರಡಿತು, ಹಿಂದಿ ಅವತರಣಿಕೆ ತೆರೆಗೆ ಬಂದದ್ದು ಎರಡು ವಾರ ಕಳೆದು, ಅಕ್ಟೋಬರ್ 14ಕ್ಕೆ. ಡಿವಿಜಿಯವರ ‘ಮಂಕುತಿಮ್ಮನ ಕಗ್ಗ’ ಅಚ್ಚಾದದ್ದು 1943ರಲ್ಲಿ. ಇವತ್ತು ಬೆಳಗಾದರೆ ಎಷ್ಟು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದರ ಪದ್ಯ ಹರಿದಾಡುತ್ತದೆಯೋ ಎಣಿಸಿದವರಿಲ್ಲ. ಇವು ಹಬ್ಬಿದ್ದು ಮೊದಲು ಗಟ್ಟಿಯಾಗಿ ಆದದ್ದರಿಂದ. ನಾನು ಖಂಡಿಸುತ್ತಿರುವುದು ಹಬ್ಬುವುದನ್ನೇ ಗುರಿಯಾಗಿ ಮುಂದಿಟ್ಟು ಕೆಲಸವನ್ನು ಅದಕ್ಕೆ ಹೊಂದಿಸುವ ಬುದ್ಧಿಯನ್ನು.

ಕೊನೆಯದಾಗಿ, ಉಳಿದವರ ಹೆಸರನ್ನಷ್ಟೇ ಹೇಳುತ್ತಿದ್ದೀರಿ, ನಿಷ್ಠೆಯಿಂದ ದುಡಿದೂ ಮುಳುಗಿದವರ ಲೆಕ್ಕ ಎಲ್ಲಿ ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಕನ್ನಡದ ಸಣ್ಣ ಪತ್ರಿಕೆಗಳ ಚರಿತ್ರೆಯ ತುಂಬ ಸಾವುಗಳೇ ಇವೆ. ಗೋಪಾಲಕೃಷ್ಣ ಅಡಿಗರು 1962ರಲ್ಲಿ ಶುರು ಮಾಡಿದ ‘ಸಾಕ್ಷಿ’ಯೂ ನಿಂತುಹೋಯಿತು. ನಿಜವಾದ ಕೆಲಸ ಮಾಡಿದವರಿಗೆ ಹೊಟ್ಟೆ ತುಂಬುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ ಎರಡು ಸೋಲುಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ‘ಸಾಕ್ಷಿ’ ನಿಂತ ಮೇಲೆ ಅದರ ಸಂಚಿಕೆಗಳು ಉಳಿದವು, ನವ್ಯ ಸಾಹಿತ್ಯದ ಬಗ್ಗೆ ಬರೆಯುವವರು ಇಂದಿಗೂ ಅದರ ಹೆಸರೆತ್ತದೆ ಮುಂದೆ ಹೋಗುವಂತಿಲ್ಲ. ವೈರಲ್ ಆಗಲೆಂದೇ ಮಾಡಿ ವೈರಲ್ ಆಗದೆ ಉಳಿದ ವಿಡಿಯೊವನ್ನು ಮಾಡಿದವನೂ ಎರಡನೆಯ ಸಲ ನೋಡುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಈ ಕೆಲಸ ಬರೆಯುವವರದ್ದು, ಹಾಡುವವರದ್ದು ಮಾತ್ರ ಅಂದುಕೊಳ್ಳಬೇಡಿ. ಧಾರವಾಡದ ಆ ಅಟ್ಟದಲ್ಲಿ ಕೂತವರಿಗೆ ‘ಯಯಾತಿ’ಯನ್ನು ಅಚ್ಚು ಹಾಕುವ ಧೈರ್ಯ ಕೊಟ್ಟವರು ಹೆಸರು ಉಳಿಯದ ಚಂದಾದಾರರು. ನಿಮಗೆ ಮೆಚ್ಚುಗೆಯಾದ ಒಂದು ಕನ್ನಡ ಪತ್ರಿಕೆಗೆ, ಒಂದು ರಂಗತಂಡಕ್ಕೆ, ಉದ್ದದ ವಿಡಿಯೊ ಮಾಡುವ ಒಂದು ಸಣ್ಣ ಚಾನೆಲ್‌ಗೆ ಈ ವರ್ಷ ಖಾಯಂ ಗಿರಾಕಿಯಾಗಿ. ಶೇರ್ ಮಾಡದಿದ್ದರೂ ಚಿಂತೆಯಿಲ್ಲ, ಪೂರ್ತಿ ಓದಿ, ಪೂರ್ತಿ ನೋಡಿ. ಚಂದಾ ಮುಗಿದ ತಿಂಗಳು ಮರೆಯದೆ ಮತ್ತೆ ಕಟ್ಟಿ.